ಹಿಯರಿಂಗ್‌ಗೆ ಹೋಗುವಾಗ ಚೀಲದಲ್ಲಿ ಏನಿರಬೇಕು?

ಓದುಗರ ಪ್ರಶ್ನೆಗಳಿಗೆ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರ ಉತ್ತರ

ಪ್ರಶ್ನೆ: ಟೀಚರಿಗೆ ನಮಸ್ಕಾರ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಯಜಮಾನರ ಕೆಲಸಕ್ಕಾಗಿ ಆರು ವರ್ಷ ಗಡಿಯಾಚೆ ದಕ್ಷಿಣ ಕನ್ನಡದಲ್ಲಿದ್ದೆವು. ಮಗಳು ಅಲ್ಲಿಯ ಒಂದು ಖಾಸಗಿ ಶಾಲೆಯಲ್ಲಿ ಆರನೇ ಕ್ಲಾಸ್ ಮುಗಿಸಿದಳು. ಅತ್ತೆ ಹಾಸಿಗೆ ಹಿಡಿದ ಕಾರಣ ಜೂನ್ ಕೊನೆಗೆ ಊರಿಗೇ ಬಂದುಬಿಟ್ಟೆವು. ಹತ್ತಿರದ ಎಯ್ಡೆಡ್ (ಅನುದಾನಿತ) ಯುಪಿ (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಕನ್ನಡ ಮಾಧ್ಯಮದ ಡಿವಿಜನ್ ಇದೆ. ಏಳನೇ ಕ್ಲಾಸಿಗೆ ಸೇರಿಸಲು ಮೂರು ಸಲ ಹೋದೆ. ಮೊದಲ ಸಲ ಹೆಡ್‌ಮಾಸ್ಟರ್ ಟಿಸಿ ಇಲ್ಲದೆ ಆಗುವುದಿಲ್ಲ ಎಂದರು. ಹಳೇ ಶಾಲೆಯವರು ಬಾಕಿ ಫೀಸ್ ಕಟ್ಟದೆ ಟಿಸಿ ಕೊಡುತ್ತಿಲ್ಲ. ಎರಡನೇ ಸಲ ಕ್ಲಾಸ್ ತುಂಬಿದೆ ಎಂದರು. ಮೂರನೇ ಸಲ ಮಗಳ ಕೈಗೆ ಮಲಯಾಳಂ ಪೇಪರ್ ಕೊಟ್ಟು ಓದು ಎಂದರು. ಅವಳಿಗೆ ಅಕ್ಷರವೇ ಗೊತ್ತಿಲ್ಲ, ಎಲ್ಲರ ಎದುರು ಅತ್ತುಬಿಟ್ಟಳು. ಆ ಸಂಕಟ ನನಗೆ ಇನ್ನೂ ಹೋಗಿಲ್ಲ. ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಗೆ ದೂರು ಬರೆದೆ, ಈಗ ಹಿಯರಿಂಗ್‌ಗೆ, ಅಂದರೆ ವಿಚಾರಣೆಗೆ, ಕರೆದಿದ್ದಾರೆ. ಇಂಥದ್ದಕ್ಕೆ ಹೋಗಿ ಅಭ್ಯಾಸವಿಲ್ಲ. ವಕೀಲರು ಬೇಕಾ? ಏನು ಹೇಳಬೇಕು, ಏನು ಒಯ್ಯಬೇಕು?
— ಒಬ್ಬ ತಾಯಿ, ಪೆರ್ಲ ಸಮೀಪ

ಉತ್ತರ: ನಿಮ್ಮ ಪತ್ರ ಸಿಕ್ಕಿದ ದಿನವೇ ಫೋನ್ ಮಾಡಿ ತುರ್ತಿನ ನಾಲ್ಕು ಮಾತು ಹೇಳಿದ್ದೆ. ಆದರೆ ಸಾರಡ್ಕ ಚೆಕ್‌ಪೋಸ್ಟಿನ ಆಚೆಗೂ ಈಚೆಗೂ ಓಡಾಡಿಕೊಂಡೇ ಬದುಕುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ, ಇಂಥ ಪತ್ರ ಪ್ರತಿ ಮಳೆಗಾಲ ಒಂದೆರಡಾದರೂ ಬರುತ್ತವೆ. ಹಾಗಾಗಿ ಪೂರ್ತಿ ಇಲ್ಲಿ ಬರೆಯುತ್ತೇನೆ.

ಮೊದಲು ಆ ಮಲಯಾಳಂ ಪೇಪರಿನ ವಿಷಯ. ಸಿಟ್ಟು ಬರುವಂಥದ್ದೇ, ನನಗೂ ಬಂತು. ಆದರೆ ಹಿಯರಿಂಗ್‌ನಲ್ಲಿ ಅದರಿಂದಲೇ ಶುರು ಮಾಡಬೇಡಿ. ನೀವು ‘ಮಗುವನ್ನು ಅಳಿಸಿದರು’ ಅನ್ನುತ್ತೀರಿ, ಅವರು ‘ನಾನು ಸುಮ್ನೆ ಎಷ್ಟು ಬರುತ್ತದೆ ಅಂತ ನೋಡಿದ್ದು’ ಅನ್ನುತ್ತಾರೆ, ಹತ್ತು ನಿಮಿಷ ಅದರಲ್ಲೇ ಹೋಗುತ್ತದೆ. ಸೀಟಿನ ಮಾತು ಬರುವ ಹೊತ್ತಿಗೆ ಅಧಿಕಾರಿ ಮುಂದಿನ ಫೈಲಿಗೆ ಕೈ ಹಾಕಿರುತ್ತಾರೆ. ನಿಮಗೆ ಬೇಕಾದದ್ದು ಏಳನೇ ಕ್ಲಾಸಿನ ಬೆಂಚಿನಲ್ಲಿ ಮಗಳಿಗೊಂದು ಜಾಗ. ಹೆಡ್‌ಮಾಸ್ಟರ್ ಕ್ಷಮೆ ಕೇಳುವುದು ಬೇಕಿದ್ದರೆ ಅದಕ್ಕೆ ಬೇರೆ ದಿನ ಇದೆ. ಪೇಪರ್ ಓದಿಸಿದ್ದನ್ನು ಹೇಳಲೇಬೇಕು, ಆದರೆ ಕೊನೆಗೆ, ಎರಡೇ ವಾಕ್ಯದಲ್ಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇದನ್ನು ನಾನು ಕಲಿತದ್ದು ಮೇಜಿನ ಆಚೆ ಬದಿಯಲ್ಲಿ ಕೂತು. ನಿವೃತ್ತಿಗೆ ಎರಡು ವರ್ಷ ಮೊದಲು ಒಂದು ಹುಡುಗನನ್ನು ಸೇರಿಸಿಕೊಳ್ಳದೆ ವಾಪಸ್ ಕಳಿಸಿದ್ದೆ. ತಪ್ಪು ನನ್ನದೇ, ಜುಲೈ ಮಧ್ಯದಲ್ಲಿ ಬಂದಿದ್ದರು, ನನಗೆ ಬೇರೆ ತಲೆಬಿಸಿ ಇತ್ತು. ಹಿಯರಿಂಗ್‌ಗೆ ನಾನು ಬರಿಗೈಯಲ್ಲಿ ಹೋದೆ. ಏನು ಮಹಾ, ಒಬ್ಬರು ಅಡಿಕೆ ಸುಲಿಯುವವರು ತಾನೇ ಅಂದುಕೊಂಡಿದ್ದೆ. ಅವರು ಸೊಂಟದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ನಾಲ್ಕಾಗಿ ಮಡಚಿದ ಒಂದು ಹಾಳೆ. ಅದರಲ್ಲಿ ಮೂರು ತಾರೀಕು, ಒಂದೊಂದರ ಎದುರು ನಾನು ಏನು ಹೇಳಿದೆ ಎಂದು ಒಂದೊಂದು ಸಾಲು, ಪಕ್ಕದಲ್ಲಿ ಆ ದಿನದ ಬಸ್ ಟಿಕೆಟನ್ನು ಅನ್ನದ ಅಂಟಿನಿಂದ ಅಂಟಿಸಿದ್ದರು. ಮೂರು ದಿನದ ಕೂಲಿ ಬಿಟ್ಟು ಬಂದಿದ್ದೇನೆ ಮೇಡಂ ಎಂದರು, ಅಷ್ಟೇ. ನನ್ನ ಬಾಯಲ್ಲಿ ಮಾತಿರಲಿಲ್ಲ. ಮರುದಿನ ಹುಡುಗ ಕ್ಲಾಸಿನಲ್ಲಿದ್ದ.

ಹಾಗಾಗಿ ವಕೀಲರಿಗಿಂತ ಮೊದಲು ಆ ಒಂದು ಹಾಳೆ. ನೀವೂ ಮೂರು ಸಲ ಹೋಗಿದ್ದೀರಿ. ತಾರೀಕು ನೆನಪಿಲ್ಲದಿದ್ದರೆ ಫೋನಿನ ಕಾಲ್ ಲಿಸ್ಟ್ ನೋಡಿ, ಅವತ್ತು ಯಜಮಾನರಿಗೆ ಹೇಳಲು ಫೋನ್ ಮಾಡಿರುತ್ತೀರಿ ಅಲ್ವಾ. ಯಾವ ದಿನ, ಎಷ್ಟು ಹೊತ್ತಿಗೆ, ಯಾರನ್ನು ಕಂಡಿರಿ, ಅವರು ಯಾವ ಕಾರಣ ಹೇಳಿದರು. ಅವರು ಹೇಳಿದ ಶಬ್ದವನ್ನೇ ಬರೆಯಿರಿ, ನಿಮ್ಮ ವಿವರಣೆ ಬೇಡ. ಒಂದು ಮಗ್ಗುಲಿಗಿಂತ ಜಾಸ್ತಿ ಆಗಬಾರದು. ಬಸ್ಸಿನ ಮಿಷನ್ ಟಿಕೆಟ್ ಇದ್ದರೆ ಇವತ್ತೇ ಝೆರಾಕ್ಸ್ ಮಾಡಿಸಿ, ಆ ಶಾಯಿ ಎರಡು ತಿಂಗಳಲ್ಲಿ ಬೆಳ್ಳಗಾಗುತ್ತದೆ.

ನೀವು ಮೂರು ಸಲ ಹೋದಿರಿ, ಮೂರು ಸಲವೂ ಬೇರೆ ಬೇರೆ ಕಾರಣ ಸಿಕ್ಕಿತು. ಆ ಹಾಳೆಯ ಬಲ ಇರುವುದೇ ಅಲ್ಲಿ. ಮೊದಲ ದಿನವೇ ಕ್ಲಾಸ್ ತುಂಬಿದ್ದರೆ ಟಿಸಿ ಯಾಕೆ ಕೇಳಿದರು? ಈ ಪ್ರಶ್ನೆ ನೀವು ಕೇಳುವುದೇ ಬೇಡ, ಸಾಲಾಗಿ ಬರೆದದ್ದನ್ನು ಓದಿದ ಅಧಿಕಾರಿಯೇ ಕೇಳುತ್ತಾರೆ.

ಈಗ ಒಂದೊಂದಾಗಿ ಬರೋಣ.

ಟಿಸಿ. ಇಲ್ಲಿ ಕಾನೂನು ಪೂರ್ತಿ ನಿಮ್ಮ ಪರ. 2009ರ ಶಿಕ್ಷಣ ಹಕ್ಕು ಕಾಯ್ದೆ, ಎಲ್ಲರೂ ಆರ್‌ಟಿಇ ಅನ್ನುವುದು, ಅದರ 5ನೇ ಸೆಕ್ಷನ್ ಓದಿ. ರಾಜ್ಯದ ಒಳಗಾಗಲಿ ಹೊರಗಾಗಲಿ, ಯಾವ ಕಾರಣಕ್ಕೇ ಆಗಲಿ ಮಗು ಬೇರೆ ಶಾಲೆಗೆ ಹೋಗಬೇಕಾದರೆ ಆ ಹಕ್ಕು ಅದಕ್ಕಿದೆ, ಹಳೇ ಶಾಲೆಯ ಹೆಡ್‌ಮಾಸ್ಟರ್ ಕೂಡಲೇ ಟಿಸಿ ಕೊಡಬೇಕು ಎನ್ನುತ್ತದೆ. ‘ರಾಜ್ಯದ ಹೊರಗೆ’ ಎಂಬ ಮಾತು ನಮ್ಮಂಥ ಗಡಿಯವರಿಗಾಗಿಯೇ ಬರೆದ ಹಾಗಿದೆ. ಇನ್ನೊಂದು ಮಾತು ಅದರಲ್ಲೇ ಇದೆ, ಅದರ ಕೆಳಗೆ ಗೆರೆ ಎಳೆಯಿರಿ: ಟಿಸಿ ಬರುವುದು ತಡವಾಯಿತು ಎಂಬುದು ಹೊಸ ಶಾಲೆ ಪ್ರವೇಶವನ್ನು ತಡ ಮಾಡಲು ಅಥವಾ ಇಲ್ಲ ಎನ್ನಲು ಕಾರಣ ಆಗಬಾರದು. ಒಂದು ವಿಷಯ ನೆನಪಿಡಿ, ಹೀಗೆ ವರ್ಗ ಆಗುವ ಹಕ್ಕು ಸರಕಾರಿ ಮತ್ತು ಎಯ್ಡೆಡ್ ಶಾಲೆಗೆ ಸೇರಲು. ಅನುದಾನ ಇಲ್ಲದ ಖಾಸಗಿ ಶಾಲೆಗೆ, ಕೇಂದ್ರೀಯ ವಿದ್ಯಾಲಯ, ನವೋದಯಗಳಿಗೆ ಇದನ್ನು ಹಿಡಿದುಕೊಂಡು ಹೋದರೆ ಆಗುವುದಿಲ್ಲ. ನಿಮ್ಮದು ಎಯ್ಡೆಡ್, ಚಿಂತೆಯಿಲ್ಲ.

ಹಾಗೆಂದು ಟಿಸಿ ಸಿಗದಿದ್ದರೂ ನಡೆಯುತ್ತದೆ ಎಂದು ಕೂರಬೇಡಿ. ಹಳೇ ಶಾಲೆಗೆ ಇವತ್ತೇ ಒಂದು ಅರ್ಜಿ ಬರೆಯಿರಿ. 5ನೇ ಸೆಕ್ಷನ್ ಹೆಸರು ಹೇಳಿ, ಟಿಸಿ ಕೊಡಿ ಅನ್ನಿ, ಪ್ರತಿಯನ್ನು ಅಲ್ಲಿಯ ಬಿಇಒಗೂ (ಕ್ಷೇತ್ರ ಶಿಕ್ಷಣಾಧಿಕಾರಿ) ಹಾಕಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಿ, ಆ ರಶೀದಿ ಹಿಯರಿಂಗ್‌ನಲ್ಲಿ ಬೇಕು. ತಾಯಿ ತನ್ನ ಕೆಲಸ ತಾನು ಮಾಡಿದ್ದಾಳೆ ಎಂದು ತೋರಿಸುವುದು ಅದೇ. ಬಾಕಿ ಫೀಸಿನ ಬಗ್ಗೆ ಜಗಳ ಬೇಡ. ಕೊಡಬೇಕಾದ್ದು ಇದ್ದರೆ ಕೊಡುತ್ತೇವೆ, ಅದು ನಮ್ಮ ನಿಮ್ಮ ಲೆಕ್ಕ, ಮಗಳ ಟಿಸಿಗೂ ಅದಕ್ಕೂ ಗಂಟು ಹಾಕಬೇಡಿ ಎಂದು ಮರ್ಯಾದೆಯಲ್ಲೇ ಬರೆಯಿರಿ.

ಟಿಸಿಯ ಹಿಂದೆ ಇನ್ನೊಂದು ಸಣ್ಣ ಗಂಟು ಇದೆ, ಹೆಚ್ಚಿನ ತಂದೆತಾಯಿಗೆ ಗೊತ್ತಿರುವುದಿಲ್ಲ. ಕರ್ನಾಟಕದ ಶಾಲೆಗಳಲ್ಲಿ ಮಕ್ಕಳ ದಾಖಲೆ ಸ್ಯಾಟ್ಸ್‌ನಲ್ಲಿ, ನಮ್ಮ ಕೇರಳದಲ್ಲಿ ಸಂಪೂರ್ಣ ಎಂಬ ಸಾಫ್ಟ್‌ವೇರ್‌ನಲ್ಲಿ. ಇವೆರಡರ ಮೇಲೆ ದೇಶಕ್ಕೆಲ್ಲ ಒಂದೇ ಆದ ಯುಡೈಸ್ ಎಂಬ ದಾಖಲೆ ವ್ಯವಸ್ಥೆ, ಅದರಲ್ಲಿ ಪ್ರತಿ ಮಗುವಿಗೂ ಪೆನ್ ಎಂಬ ನಂಬರ್. ಹಳೇ ಶಾಲೆಯವರು ಯುಡೈಸ್‌ನಲ್ಲಿ ಮಗುವನ್ನು ಡ್ರಾಪ್‌ಬಾಕ್ಸ್‌ಗೆ, ಅಂದರೆ ಶಾಲೆ ಬಿಟ್ಟವರ ಪಟ್ಟಿಗೆ, ಬಿಡದಿದ್ದರೆ ಹೊಸ ಶಾಲೆಯವರಿಗೆ ಅದನ್ನು ತಮ್ಮಲ್ಲಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಎಷ್ಟೋ ಸಲ ‘ಟಿಸಿ ಇಲ್ಲ’ ಎಂದು ಹೆಡ್‌ಮಾಸ್ಟರ್ ಗೊಣಗುವುದು ಈ ತಲೆನೋವಿಗೆ. ಹಾಗಾಗಿ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ, ಮಗಳ ಪೆನ್ ನಂಬರ್ ಕೊಡಿ, ಡ್ರಾಪ್‌ಬಾಕ್ಸ್‌ಗೆ ಬಿಡಿ ಎಂದು. ಹಳೇ ಪ್ರೋಗ್ರೆಸ್ ಕಾರ್ಡ್ ಇದೆಯಲ್ಲ, ಆರನೇ ಕ್ಲಾಸ್ ಪಾಸ್ ಆದದ್ದಕ್ಕೆ ಸದ್ಯಕ್ಕೆ ಅದೇ ಸಾಕ್ಷಿ, ಅದರ ಝೆರಾಕ್ಸ್ ಇರಲಿ.

ಎರಡನೆಯದು, ಕ್ಲಾಸ್ ತುಂಬಿದೆ. ಕನ್ನಡ ಡಿವಿಜನ್‌ಗೆ ಮಕ್ಕಳಿಲ್ಲ ಎಂದು ಮೇ ತಿಂಗಳಲ್ಲಿ ಮಾಸ್ಟ್ರುಗಳು ಮನೆ ಮನೆ ಮೆಟ್ಟಿಲು ಹತ್ತುವ ಊರಿದು. ಅದೇ ಊರಲ್ಲಿ ಜುಲೈಯಲ್ಲಿ ತುಂಬಿದೆ ಅನ್ನುತ್ತಾರೆ ಎಂದರೆ ನಗು ಬರುತ್ತದೆ. ಆದರೆ ಇದರ ಒಳಗುಟ್ಟು ಒಂದಿದೆ. ನಮ್ಮಲ್ಲಿ ಶಾಲೆ ತೆರೆದು ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ, ಆ ಲೆಕ್ಕದ ಮೇಲೆ ಮಾಸ್ಟ್ರ ಹುದ್ದೆ ಉಳಿಯುವುದು ಹೋಗುವುದು. ಆ ದಿನದ ಮೊದಲು ಬಂದ ಮಗು ಚಿನ್ನ. ಆಮೇಲೆ ಬಂದ ಮಗುವಿನಿಂದ ಹುದ್ದೆಗೆ ಲಾಭವಿಲ್ಲ, ಕೆಲಸ ಮಾತ್ರ ಜಾಸ್ತಿ. ಎಲ್ಲರೂ ಹಾಗೆ ಯೋಚಿಸುತ್ತಾರೆ ಎನ್ನುವುದಿಲ್ಲ, ನಾನಂತೂ ಒಮ್ಮೆ ಯೋಚಿಸಿದ್ದೆ, ಮೇಲೆ ಹೇಳಿದೆನಲ್ಲ. ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಅವಧಿ ದಾಟಿ ಬಂದರೂ ಮಗುವಿಗೆ ಪ್ರವೇಶ ಇಲ್ಲ ಎನ್ನುವಂತಿಲ್ಲ.

ನೆರೆಮನೆಯ ಹುಡುಗ ಆ ಕ್ಲಾಸಿನಲ್ಲಿ 31 ಮಕ್ಕಳಿದ್ದಾರೆ ಎಂದ, ಅದನ್ನು ಹೇಳಬಹುದಾ ಎಂದು ಫೋನಿನಲ್ಲಿ ಕೇಳಿದಿರಿ. ಬೇಡ. ಪಾಪ, ಆ ಹುಡುಗನಿಗೆ ನಾಳೆ ತೊಂದರೆ. ಅದರ ಬದಲು ‘ಏಳನೇ ಕ್ಲಾಸಿನ ಹಾಜರಿ ಪುಸ್ತಕ ತರಿಸಿ ನೋಡಬೇಕು’ ಎಂದು ಎಇಒಗೆ ಮೊದಲೇ ಒಂದು ಸಾಲಿನ ಅರ್ಜಿ ಕೊಡಿ. ಆರರಿಂದ ಎಂಟನೇ ಕ್ಲಾಸಿಗೆ 35 ಮಕ್ಕಳಿಗೆ ಒಬ್ಬರಾದರೂ ಟೀಚರ್ ಇರಬೇಕು ಎಂದು ಆರ್‌ಟಿಇ ಪಟ್ಟಿ ಹೇಳುತ್ತದೆ. ಅದು ಟೀಚರ್ ಕೊಡಬೇಕಾದವರಿಗೆ ಹೇಳಿದ ಮಾತು, 36ನೇ ಮಗುವನ್ನು ಗೇಟಿನಿಂದ ವಾಪಸ್ ಕಳಿಸಿ ಎಂದಲ್ಲ. ನಿಜಕ್ಕೂ ಕೂರಲು ಜಾಗ ಇಲ್ಲದಿದ್ದರೆ? ಆಗ ಹಠ ಬೇಡ. ‘ಹಾಗಾದರೆ ನಮ್ಮ ಮನೆಗೆ ಹತ್ತಿರ ಯಾವ ಕನ್ನಡ ಡಿವಿಜನ್‌ನಲ್ಲಿ ಸೀಟು ಕೊಡುತ್ತೀರಿ, ಬರೆದು ಕೊಡಿ’ ಎಂದು ಕೇಳಿ. ಆ ಶಾಲೆಗೆ ಎಷ್ಟು ಕಿಲೋಮೀಟರ್, ಎಷ್ಟು ಬಸ್, ಬೆಳಿಗ್ಗೆ ಎಷ್ಟು ಗಂಟೆಗೆ ಮನೆ ಬಿಡಬೇಕು ಎಂಬುದನ್ನು ನೀವು ಆ ದಾರಿಯಲ್ಲಿ ಒಮ್ಮೆ ಹೋಗಿ ಬರೆದಿಟ್ಟುಕೊಂಡಿರಿ. ಮಳೆಗಾಲದಲ್ಲಿ ತೋಡು ದಾಟಬೇಕಾದರೆ ಅದನ್ನೂ ಬರೆಯಿರಿ. ‘ತುಂಬಾ ದೂರ’ ಎಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ‘6.50ರ ಬಸ್ ತಪ್ಪಿದರೆ ಮುಂದಿನದು 8.15ಕ್ಕೆ, ಅದರಲ್ಲಿ ಹೋದರೆ ಮೊದಲ ಪಿರಿಯಡ್ ಸಿಗುವುದಿಲ್ಲ’ ಎನ್ನುವ ಥರ ಹೇಳಿದರೆ ಎದುರಿನವರ ಕಣ್ಣಿಗೆ ಕಾಣುತ್ತದೆ.

ಕನ್ನಡ ಮಾಧ್ಯಮದ ಹಕ್ಕಿನ ಬಗ್ಗೆ ಭಾಷಣ ಮಾಡಲು ಒಬ್ಬರು ಜೊತೆಗೆ ಬರುತ್ತಾರೆ ಎಂದಿರಿ. ಅವರ ಕಾಳಜಿ ದೊಡ್ಡದು, ಆದರೆ ಸಂವಿಧಾನದ 350ಎ ವಿಧಿ ಹೇಳುವುದು ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣದ ಬಗ್ಗೆ, ಏಳನೇ ಕ್ಲಾಸಿಗೆ ಅದನ್ನು ಎಳೆದರೆ ಎದುರಿನವರು ಅಲ್ಲೇ ಹಿಡಿಯುತ್ತಾರೆ. ಆರ್‌ಟಿಇಯ 29ನೇ ಸೆಕ್ಷನ್ ಸಾಕು. ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕು ಎಂದು ಅದರಲ್ಲಿದೆ, ಅದು ಎಂಟನೇ ಕ್ಲಾಸಿನವರೆಗೂ ಬರುತ್ತದೆ. ಮಹಾಜನ ವರದಿ, 1956ರ ರಾಜ್ಯ ವಿಂಗಡಣೆ ಎಲ್ಲ ಸಂಜೆ ಚಾ ಕುಡಿಯುವಾಗ ಮಾತಾಡೋಣ.

ಈಗ ಪೇಪರ್. ಪ್ರವೇಶ ಕೊಡುವಾಗ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷೆಗೆ ಒಡ್ಡುವುದನ್ನು 13ನೇ ಸೆಕ್ಷನ್ ನಿಷೇಧಿಸಿದೆ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೆ 50,000ದವರೆಗೆ. ಇದು ನಿಮ್ಮ ಕೈಯಲ್ಲಿರುವ ದೊಡ್ಡ ಕಲ್ಲು. ಎಸೆಯಬೇಡಿ, ಮೇಜಿನ ಮೇಲೆ ಇಟ್ಟರೆ ಸಾಕು. ‘ಇಂಥ ದಿನ ಮಲಯಾಳಂ ಪೇಪರ್ ಓದಿಸಿದರು, ಓದಲು ಬಾರದ್ದಕ್ಕೆ ಆಗುವುದಿಲ್ಲ ಎಂದರು.’ ನಿಲ್ಲಿಸಿ. ದಂಡದ ಮಾತು ನಿಮ್ಮ ಬಾಯಿಂದ ಬರಬೇಕಾಗಿಲ್ಲ, ಎಇಒಗೆ ಗೊತ್ತಿದೆ, ಹೆಡ್‌ಮಾಸ್ಟರಿಗೂ ಗೊತ್ತಿದೆ. ನಾಳೆಯಿಂದ ಮಗಳು ಅದೇ ಶಾಲೆಯ ಅಂಗಳದಲ್ಲಿ ಅವರ ಎದುರೇ ನಡೆಯಬೇಕು, ಅಲ್ವಾ?

2017ರ ಕಾನೂನಿನ ಮೇಲೆ ಕೇರಳದ ಶಾಲೆಗಳಲ್ಲಿ ಹತ್ತನೇ ಕ್ಲಾಸಿನವರೆಗೆ ಮಲಯಾಳಂ ಕಲಿಸುವುದು ಕಡ್ಡಾಯವಾಗಿದೆ. ಕಲಿಸುವುದು ಶಾಲೆಯ ಕೆಲಸ, ಕಲಿತುಕೊಂಡೇ ಬರಬೇಕು ಎಂದಿಲ್ಲ. ಆದರೂ ಒಂದು ಮಾಡಿ. ಇನ್ನೂರು ಪೇಜಿನ ಒಂದು ನೋಟ್‌ಬುಕ್ ತೆಗೆದು ಇವತ್ತಿನಿಂದಲೇ ಮಗಳಿಗೆ ಮಲಯಾಳಂ ಅಕ್ಷರ ಬರೆಸಿ. ನೆರೆಕರೆಯಲ್ಲಿ ಯಾರಾದರೂ ಹೇಳಿಕೊಡುತ್ತಾರೆ. ಹಳಗನ್ನಡದಲ್ಲಿ ಇದ್ದು ನಾವು ಬಿಟ್ಟುಬಿಟ್ಟ ಎರಡು ಅಕ್ಷರ, ಗಡಸು ‘ಱ’ ಮತ್ತು ‘ೞ’, ಅಲ್ಲಿ ಇನ್ನೂ ಜೀವಂತ ಇವೆ ಎಂದು ಹೇಳಿದರೆ ಮಕ್ಕಳಿಗೆ ಖುಷಿಯಾಗುತ್ತದೆ, ನನ್ನ ಕ್ಲಾಸಿನಲ್ಲಿ ಆಗುತ್ತಿತ್ತು. ಆ ನೋಟ್‌ಬುಕ್ ಹಿಯರಿಂಗ್‌ಗೆ ಒಯ್ಯಿರಿ. ಹತ್ತು ದಿನದ ಕೈಬರಹ ಕಂಡರೆ ‘ಹೊಂದಿಕೊಳ್ಳಲಾರಳು’ ಎಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಚೀಲದಲ್ಲಿ ಮತ್ತೇನು? ಜನನ ಪ್ರಮಾಣಪತ್ರ, ರೇಶನ್ ಕಾರ್ಡ್ ಅಥವಾ ಇಲ್ಲಿ ವಾಸ ಇದ್ದೀರಿ ಎಂದು ತೋರಿಸುವ ಏನಾದರೂ, ದೂರಿನ ಪ್ರತಿ, ಅದಕ್ಕೆ ಕಚೇರಿಯಲ್ಲಿ ಹಾಕಿದ ಸೀಲು, ನೋಟಿಸ್. ಎಲ್ಲದರ ಮೂರು ಸೆಟ್ ಝೆರಾಕ್ಸ್: ಅವರಿಗೊಂದು, ಶಾಲೆಗೊಂದು, ನಿಮಗೊಂದು. ಅಸಲು ತೋರಿಸಿ, ಕೊಟ್ಟು ಬರಬೇಡಿ. ಮೂರು ಸೆಟ್ಟಿಗೂ ಪುಟದ ನಂಬರ್ ಒಂದೇ ಥರ ಹಾಕಿದ್ದರೆ ‘ನಾಲ್ಕನೇ ಪುಟ ನೋಡಿ’ ಎಂದರೆ ಮೂವರೂ ಅದನ್ನೇ ನೋಡುತ್ತಾರೆ.

ವಕೀಲರು ಈ ಹಂತಕ್ಕೆ ಬೇಡ ಎಂದೇ ನನ್ನ ಅಭಿಪ್ರಾಯ. ವಕೀಲರನ್ನು ಕಂಡ ಕೂಡಲೇ ಶಾಲೆಯ ಮ್ಯಾನೇಜರೂ ಒಬ್ಬರನ್ನು ಕರೆತರುತ್ತಾರೆ, ತಾರೀಕು ಮುಂದೆ ಹೋಗುತ್ತದೆ. ಮಗಳನ್ನೂ ಒಳಗೆ ಕರೆದುಕೊಂಡು ಹೋಗಬೇಡಿ, ಕರೆದರೆ ಮಾತ್ರ.

ಒಳಗೆ ಹೋದ ಮೇಲೆ ಮೊದಲ ಮಾತು ನಿಮಗೆ ಏನು ಬೇಕು ಎಂಬುದೇ ಆಗಿರಲಿ. ‘ಮಗಳನ್ನು ಏಳನೇ ಕ್ಲಾಸ್ ಕನ್ನಡ ಡಿವಿಜನ್‌ಗೆ ಸೇರಿಸಿಕೊಳ್ಳಲು ಆದೇಶ ಮಾಡಬೇಕು. ತೀರ್ಮಾನ ತಡವಾಗುವುದಾದರೆ ಅಲ್ಲಿವರೆಗೆ ಕ್ಲಾಸಿನಲ್ಲಿ ಕೂರಲು ಬಿಡಬೇಕು.’ ಈ ಎರಡನೇ ವಾಕ್ಯವನ್ನು ತುಂಬಾ ಜನ ಮರೆಯುತ್ತಾರೆ. 32ನೇ ಸೆಕ್ಷನ್ ಪ್ರಕಾರ ದೂರು ತೀರ್ಮಾನಿಸಲು ಮೂರು ತಿಂಗಳು ಸಮಯ ಇದೆ. ದೊಡ್ಡವರಿಗೆ ಮೂರು ತಿಂಗಳು ಏನೂ ಅಲ್ಲ, ಮಗುವಿಗೆ ಅದು ಓಣಂ ಪರೀಕ್ಷೆಯೇ ದಾಟಿಹೋಗುವಷ್ಟು. ಆಮೇಲೆ ಒಂದು ಹಾಳೆ ಕೊಡಿ, ಅದನ್ನೇ ನೋಡಿಕೊಂಡು ಹೇಳಿ. ಹೆಡ್‌ಮಾಸ್ಟರ್ ಮಾತಾಡುವಾಗ ನಡುವೆ ಬಾಯಿ ಹಾಕಬೇಡಿ, ಪೆನ್ನಿನಲ್ಲಿ ಗುರುತು ಮಾಡಿಕೊಳ್ಳಿ. ಇದು ಕಷ್ಟ, ಗೊತ್ತು.

ಕೊನೆಗೆ ‘ನೋಡೋಣ, ಮಾತಾಡುತ್ತೇನೆ’ ಎಂದರೆ ಎದ್ದು ಬರಬೇಡಿ. ಆದೇಶ ಯಾವಾಗ ಸಿಗುತ್ತದೆ, ಬರೆದು ಕೊಡುತ್ತೀರಾ ಎಂದು ಕೇಳಿ. ಬರೆದ ಆದೇಶ ನಿಮ್ಮ ವಿರುದ್ಧ ಬಂದರೂ ಅದು ಬೇಕು, ಅದಿಲ್ಲದೆ ಮುಂದಿನ ಮೆಟ್ಟಿಲಿಲ್ಲ. ಮುಂದಿನ ಮೆಟ್ಟಿಲು ತಿರುವನಂತಪುರದ ರಾಜ್ಯ ಮಕ್ಕಳ ಹಕ್ಕು ರಕ್ಷಣಾ ಆಯೋಗ, 32ನೇ ಸೆಕ್ಷನ್‌ನ ಅಪೀಲು ಅಲ್ಲಿಗೇ. ಹೆಸರು ಕೇಳಿ ದೂರ ಎಂದು ಹೆದರಬೇಡಿ, ಆಯೋಗ ಜಿಲ್ಲೆಗಳಿಗೆ ಬಂದು ಸಿಟ್ಟಿಂಗ್ ಮಾಡುವುದೂ ಇದೆ.

ಓದುಗರಿಗೆ ಇನ್ನೊಂದು ಮಾತು. ಎಲ್‌ಪಿ (ಕಿರಿಯ ಪ್ರಾಥಮಿಕ), ಯುಪಿ ಶಾಲೆಯಾದರೆ ದೂರು ಎಇಒಗೆ, ಏಳನೇ ಕ್ಲಾಸ್ ಹೈಸ್ಕೂಲಿನೊಳಗೇ ಇದ್ದರೆ ಡಿಇಒಗೆ (ಜಿಲ್ಲಾ ಶಿಕ್ಷಣಾಧಿಕಾರಿ). ತಪ್ಪು ಕಚೇರಿಗೆ ದೂರು ಕೊಟ್ಟು ಎರಡು ವಾರ ಕಳೆದುಕೊಂಡವರನ್ನು ನೋಡಿದ್ದೇನೆ.

ಪ್ರಶ್ನೆ: ಮಗನ ಪ್ರವೇಶದ ದೂರಿಗೆ ಹಿಯರಿಂಗ್ ನೋಟಿಸ್ ಮಲಯಾಳಂನಲ್ಲಿ ಬಂದಿದೆ. ನನಗೆ ಮಲಯಾಳಂ ಮಾತು ಅಲ್ಪಸ್ವಲ್ಪ, ಓದಲು ಬಾರದು. ಯಜಮಾನರು ದುಬೈಯಲ್ಲಿ. ನನ್ನ ಬದಲು ಅಣ್ಣ ಹೋದರೆ ಆಗದಾ?
— ಓದುಗರು, ಉಪ್ಪಳ

ಉತ್ತರ: ಅಣ್ಣ ಬರಲಿ, ನಿಮ್ಮ ಬದಲು ಅಲ್ಲ, ನಿಮ್ಮ ಜೊತೆ. ಮಗ ಎಷ್ಟು ಗಂಟೆಗೆ ಏಳುತ್ತಾನೆ, ಹಳೇ ಶಾಲೆ ಯಾಕೆ ಬಿಟ್ಟ, ಇವೆಲ್ಲ ಕೇಳಿದರೆ ಮಾವನಿಗೆ ಏನು ಗೊತ್ತು? ‘ನನ್ನ ಪರವಾಗಿ ಇವರೂ ಮಾತಾಡಬಹುದು’ ಎಂದು ಎರಡು ಸಾಲಿನ ಪತ್ರ ಸಹಿ ಮಾಡಿ ಇಟ್ಟುಕೊಳ್ಳಿ, ಸಾಕು.

ಭಾಷೆಯ ವಿಷಯದಲ್ಲಿ ಸಂಕೋಚ ಬೇಡ. ಕೇರಳದ 1969ರ ರಾಜಭಾಷಾ ಕಾಯ್ದೆಯಲ್ಲೇ ಇದೆ, ಇಲ್ಲಿಯ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೂ ತಮ್ಮ ಭಾಗದ ಕಚೇರಿಗಳೊಂದಿಗೂ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು. ಹಾಗಾಗಿ ಇವತ್ತೇ ಕನ್ನಡದಲ್ಲಿ ಬರೆಯಿರಿ: ನೋಟಿಸ್ ಸಿಕ್ಕಿದೆ, ಬರುತ್ತೇನೆ, ಕನ್ನಡದಲ್ಲಿ ಮಾತಾಡುತ್ತೇನೆ, ಆದೇಶದ ಪ್ರತಿ ಕನ್ನಡದಲ್ಲಿ ಕೊಡಿ. ಆದರೆ ನೋಟಿಸ್ ಮಲಯಾಳಂನಲ್ಲಿದೆ ಎಂದು ಹಿಯರಿಂಗ್‌ಗೆ ಹೋಗದೆ ಕೂರಬೇಡಿ, ನಷ್ಟ ಮಗನಿಗೆ. ಹಕ್ಕಿನ ಜಗಳ ಬೇಕಾದರೆ ಅವನು ಕ್ಲಾಸಿನಲ್ಲಿ ಕೂತ ಮೇಲೆ ಆರಾಮದಲ್ಲಿ ಮಾಡಿ, ನಾನೂ ಬರುತ್ತೇನೆ.

ಒಂದೇ ಒಂದು ಕಡೆ ಗಟ್ಟಿ ನಿಲ್ಲಬೇಕು. ನೀವು ಹೇಳಿದ್ದನ್ನು ಕ್ಲರ್ಕ್ ಮಲಯಾಳಂನಲ್ಲಿ ಬರೆದು ‘ಇಲ್ಲಿ ಸಹಿ ಹಾಕಿ’ ಎನ್ನುತ್ತಾರೆ. ಹಿಂದೆ ಕೂತವರು ಕಾಯುತ್ತಿರುತ್ತಾರೆ, ಬಸ್ಸಿಗೂ ಹೊತ್ತಾಗಿರುತ್ತದೆ, ಹಾಕಿಬಿಡೋಣ ಅನ್ನಿಸುತ್ತದೆ. ಹಾಕಬೇಡಿ. ಓದಿ ಹೇಳಿಸಿ, ಅರ್ಥ ಕೇಳಿ, ಆಮೇಲೆ ಸಹಿಯ ಮೇಲೆ ನಿಮ್ಮ ಕೈಯಿಂದ ಕನ್ನಡದಲ್ಲಿ ಬರೆಯಿರಿ: ‘ಓದಿಸಿ ಕೇಳಿ ಸಹಿ ಮಾಡಿದ್ದೇನೆ’. ನಂತರ ಫೋನಿನಲ್ಲಿ ಒಂದು ಫೋಟೋ.

ಪ್ರಶ್ನೆ: ತಮ್ಮನ ಮಗನಿಗೆ 8 ವರ್ಷ. ಆಧಾರ್ ಕಾರ್ಡ್ ಇಲ್ಲ ಎಂದು ಶಾಲೆಯಲ್ಲಿ ಸೇರಿಸುತ್ತಿಲ್ಲ. ಇದಕ್ಕೂ ಅಪೀಲು ಹೋಗಬೇಕಾ?
— ಓದುಗರು, ಮುಳ್ಳೇರಿಯ

ಉತ್ತರ: ಅಷ್ಟು ದೂರ ಬೇಡ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದಿದೆ. ವಯಸ್ಸಿನ ದಾಖಲೆ ಇಲ್ಲ ಎಂದೂ ಪ್ರವೇಶ ನಿಲ್ಲಿಸುವಂತಿಲ್ಲ, ಅದು ಆರ್‌ಟಿಇ 14ನೇ ಸೆಕ್ಷನ್. ಇವೆರಡನ್ನೂ ಅರ್ಜಿಯಲ್ಲಿ ಬರೆದು ಎರಡು ಪ್ರತಿ ಒಯ್ದು, ಒಂದಕ್ಕೆ ಶಾಲೆಯ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಬೇಕು ಎಂದ ಕೂಡಲೇ ಅರ್ಧ ಕೆಲಸ ಆಗುತ್ತದೆ. ಅದರ ಜೊತೆಗೆ ಅಕ್ಷಯ ಕೇಂದ್ರಕ್ಕೆ (ಸರಕಾರಿ ಸೇವೆಗಳ ಕೇಂದ್ರ) ಹೋಗಿ ಆಧಾರ್‌ಗೂ ಅರ್ಜಿ ಹಾಕಿಬಿಡಿ, ಮುಂದೆ ಸ್ಕಾಲರ್‌ಶಿಪ್ಪಿಗೆ ಹೇಗೂ ಕೇಳುತ್ತಾರೆ.

ಪ್ರಶ್ನೆ: ಮಗಳು-ಅಳಿಯ ಇಂಗ್ಲೆಂಡಿನಲ್ಲಿದ್ದಾರೆ. ಮೊಮ್ಮಗಳಿಗೆ ಮನೆಯ ಹತ್ತಿರದ ಶಾಲೆಯ ರಿಸೆಪ್ಷನ್ ಕ್ಲಾಸಿನಲ್ಲಿ (ಒಂದನೇ ವರ್ಷಕ್ಕಿಂತ ಮೊದಲಿನದು) ಸೀಟು ಸಿಗಲಿಲ್ಲ, ಅಪೀಲು ಹಾಕಿದ್ದಾರಂತೆ. ರಾತ್ರಿ ಎಲ್ಲ ಅದೇ ಮಾತು. ಅಲ್ಲಿಯೂ ಇಲ್ಲಿಯ ಹಾಗೆಯೇ ಇರುತ್ತದಾ?
— ಒಬ್ಬ ಅಜ್ಜ, ಕುಂಬಳೆ

ಉತ್ತರ: ಅಜ್ಜನವರೇ, ಕೆಲವು ಸಂಗತಿ ಅದೇ, ಕೆಲವು ಪೂರ್ತಿ ಬೇರೆ. ಅಲ್ಲಿ ಅಪೀಲು ಕೇಳುವವರು ಶಾಲೆಯವರೂ ಅಲ್ಲ, ಇಲಾಖೆಯ ಅಧಿಕಾರಿಯೂ ಅಲ್ಲ. ಕಡಿಮೆ ಎಂದರೆ ಮೂವರ ಒಂದು ಸ್ವತಂತ್ರ ಪ್ಯಾನಲ್, ಅದರಲ್ಲಿ ಶಿಕ್ಷಣದ ಅನುಭವ ಇರುವವರೂ ಇರಬೇಕು, ಹೊರಗಿನ ಸಾಮಾನ್ಯರೂ ಇರಬೇಕು. ಹಿಯರಿಂಗ್‌ಗೆ ಶಾಲೆ ನಡೆಯುವ 10 ದಿನ ಮೊದಲೇ ನೋಟಿಸ್ ಕೊಡಬೇಕು. ಪ್ಯಾನಲ್ ಕೊಟ್ಟ ತೀರ್ಮಾನಕ್ಕೆ ಶಾಲೆ ತಲೆಬಾಗಲೇಬೇಕು.

ಸಾಮಾನ್ಯವಾಗಿ ಅಲ್ಲಿ ಎರಡು ತಟ್ಟೆ ತೂಗುತ್ತಾರೆ. ಒಬ್ಬಳನ್ನು ಜಾಸ್ತಿ ಸೇರಿಸಿದರೆ ಶಾಲೆಗೆ ಎಷ್ಟು ತೊಂದರೆ, ಸೇರಿಸದಿದ್ದರೆ ಈ ಮಗುವಿಗೆ ಎಷ್ಟು ತೊಂದರೆ. ‘ಆ ಶಾಲೆ ಒಳ್ಳೆಯದು’ ಎಂದರೆ ತಟ್ಟೆ ಅಲ್ಲಾಡುವುದಿಲ್ಲ. ಈ ಮಗುವಿಗೆ ಈ ಶಾಲೆಯೇ ಯಾಕೆ, ಅದಕ್ಕೆ ಡಾಕ್ಟರರ ಕಾಗದವೋ ಮತ್ತೊಂದೋ ಇದೆಯಾ, ಅದು ಬೇಕು. ಆದರೆ ನಿಮ್ಮ ಮೊಮ್ಮಗಳ ವಿಷಯದಲ್ಲಿ ಒಂದು ಬಿಗಿ ಇದೆ. ರಿಸೆಪ್ಷನ್, ಒಂದು ಮತ್ತು ಎರಡನೇ ವರ್ಷದ ಕ್ಲಾಸುಗಳಲ್ಲಿ ಒಬ್ಬ ಟೀಚರಿಗೆ 30 ಮಕ್ಕಳು ಎಂದು ಕಾನೂನೇ ಗೆರೆ ಎಳೆದಿದೆ. 30 ತುಂಬಿದ ಕಾರಣಕ್ಕೆ ಇಲ್ಲ ಎಂದಿದ್ದರೆ ಆ ತಕ್ಕಡಿಯೇ ಅಲ್ಲಿಲ್ಲ. ಪ್ರವೇಶದ ನಿಯಮ ತಪ್ಪಾಗಿ ಹಾಕಿ ಸಿಗಬೇಕಾದ ಸೀಟು ತಪ್ಪಿಸಿದರು ಎಂದೋ, ಬುದ್ಧಿ ಇರುವ ಯಾರೂ ಇಂಥ ತೀರ್ಮಾನ ಮಾಡುತ್ತಿರಲಿಲ್ಲ ಎಂದೋ, ಸೇರಿಸಿದರೂ 30 ದಾಟುವುದಿಲ್ಲ ಎಂದೋ ತೋರಿಸಬೇಕು. ಹಾಗಾಗಿ ಮಗಳಿಗೆ ಹೇಳಿ, ಮನೆಯಿಂದ ಶಾಲೆಗೆ ಇರುವ ದೂರವನ್ನು ಅವರು ಹೇಗೆ ಅಳೆದಿದ್ದಾರೆ, ಕೊನೆಯ ಸೀಟು ಎಷ್ಟು ದೂರದ ಮಗುವಿಗೆ ಹೋಯಿತು ಎಂದು ಮೊದಲು ಬರೆದು ಕೇಳಲಿ. ತಪ್ಪು ಇದ್ದರೆ ಹೆಚ್ಚಾಗಿ ಅಲ್ಲೇ ಇರುತ್ತದೆ. ಸಿಕ್ಕಿದ ಬೇರೆ ಶಾಲೆಯ ಸೀಟನ್ನು ಅಲ್ಲಿಯವರೆಗೆ ಬಿಡದಿರಲಿ, ಒಪ್ಪಿಕೊಂಡರೂ ಅಪೀಲಿಗೆ ಏನೂ ಆಗುವುದಿಲ್ಲ. ನೀವು ರಾತ್ರಿ ನಿದ್ದೆ ಮಾಡಿ.

ಈ ಸಲ ಬಂದ ಪತ್ರಗಳಲ್ಲಿ ಒಂದರೊಳಗೆ ಮಗುವಿನ ಅಸಲು ಜನನ ಪ್ರಮಾಣಪತ್ರವೇ ಇತ್ತು, ಅಡಿಕೆ ಒಣಗಿಸುವ ಅಂಗಳದ ಧೂಳಿನ ಸಮೇತ. ಸ್ಪೀಡ್ ಪೋಸ್ಟ್‌ನಲ್ಲಿ ವಾಪಸ್ ಕಳಿಸಿದ್ದೇನೆ. ಸಿಕ್ಕಿದ ಕೂಡಲೇ ಒಂದು ಫೋನ್ ಮಾಡಿ, ಮತ್ತೆ ಯಾರೂ ಅಸಲು ಕಳಿಸಬೇಡಿ.